ಅಡಿಕೆ ಕರೆಯ ಸೀರೆ

ಎಳೆ ಅಡಿಕೆಯ ಕರೆ ಅಂಗಿಗೆ ತಾಗಿದ್ರೆ ಎಷ್ಟು ಒಗೆದರೂ ಹೋಗಲ್ಲ. ಬಂಟ್ವಾಳ, ಬೆಳ್ತಂಗಡಿ ಕಡೆ ಅಡಿಕೆ ತೋಟ ಇರುವ ಯಾವ ಮನೆಯ ಅಮ್ಮಂದಿರನ್ನು ಕೇಳಿದ್ರೂ ಇದನ್ನೇ ಹೇಳ್ತಾರೆ. ಆ ಹೋಗದ ಕರೆಯೇ ಈಗ ಸೀರೆಯ ಬಣ್ಣವಾಗಿದೆ!

ನಮ್ಮಲ್ಲಿ ಹಣ್ಣಡಿಕೆ ಒಣಗಿಸಿ ಚಾಲಿ ಮಾಡೋದೇ ಹೆಚ್ಚು. ಮಲೆನಾಡಿನವರು ಹಸಿ ಅಡಿಕೆ ಸುಲಿದು ಬೇಯಿಸ್ತಾರೆ. ಬೆಂದ ನೀರು ಮಂದವಾಗಿ ಕೆಂಪು-ಕಂದು ಬಣ್ಣಕ್ಕೆ ಬರುತ್ತೆ, ಅದೇ ಚೊಗರು. ಅದರಲ್ಲಿರುವ ಟ್ಯಾನಿನ್ ಅಂಶ ಹತ್ತಿ ನೂಲನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಮೂಡುಬಿದಿರೆಯಿಂದ ಹೆಚ್ಚು ದೂರವಿಲ್ಲದ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರಿ ಸಂಘದಲ್ಲಿ, ಕಾರ್ಕಳದ ಕದಿಕೆ ಟ್ರಸ್ಟ್ ಬೆಂಬಲದಿಂದ ಇಂಥ ನೈಸರ್ಗಿಕ ಬಣ್ಣದ ಉಡುಪಿ ಸೀರೆಗಳು ತಯಾರಾಗಿವೆ.

ಉಡುಪಿ ಸೀರೆ ಅಂದ್ರೆ ಗಂಜಿ ಹಾಕಿದ ತೆಳು ನೂಲು, ಹಗುರ ಮೈ, ನಮ್ಮ ಕರಾವಳಿಯ ಸೆಕೆಗೆ ಹೇಳಿ ಮಾಡಿಸಿದ ಬಟ್ಟೆ. ಈ ಊರಿನ ನೇಯ್ಗೆಗೆ ದೊಡ್ಡ ತಿರುವು ಕೊಟ್ಟಿದ್ದು ಮಂಗಳೂರಿನ ಬಾಸೆಲ್ ಮಿಷನ್. 1851ರ ಹೊತ್ತಿಗೆ ಅಲ್ಲಿಗೆ ಬಂದ ಜಾನ್ ಹಾಲರ್ ಸುಧಾರಿತ ಮಗ್ಗ ತಂದರು. ಖಾಕಿ ಬಣ್ಣ ಹುಟ್ಟಿದ್ದೂ ಅಲ್ಲೇ ಅಂತ ಹೇಳ್ತಾರೆ.

ಇಂಡೋನೇಷ್ಯಾದ ಬಾಲಿ ದ್ವೀಪದಲ್ಲಿ ತೆಂಗನಾನ್ ಅನ್ನೋ ಹಳ್ಳಿ ಇದೆ. ಅಲ್ಲಿನ ಗ್ರಿಂಗ್ಸಿಂಗ್ ಬಟ್ಟೆಗೆ ಹಾಸು-ಹೊಕ್ಕು ಎರಡೂ ನೂಲನ್ನು ಮೊದಲೇ ಗಂಟು ಕಟ್ಟಿ ಬಣ್ಣ ಹಾಕಿ, ಆಮೇಲೆ ನೇಯ್ತಾರೆ. ಒಂದು ಬಟ್ಟೆ ಮುಗಿಯೋಕೆ ವರ್ಷಗಳೇ ಬೇಕಾಗುತ್ತೆ. ಊರಿನ ಆಚರಣೆಗಳಿಗೆ ಆ ಬಟ್ಟೆ ಬೇಕೇ ಬೇಕು, ಹಾಗಾಗಿ ಕಸುಬು ಉಳಿದಿದೆ.

ನಮ್ಮಲ್ಲಿ ಆ ಕಡ್ಡಾಯ ಇಲ್ಲ. ಪವರ್‌ಲೂಮ್ ಸೀರೆ ಅಗ್ಗಕ್ಕೆ ಸಿಗತೊಡಗಿದ ಮೇಲೆ ಮಗ್ಗಗಳು ಒಂದೊಂದಾಗಿ ನಿಂತವು. 2018ರ ಹೊತ್ತಿಗೆ ತಾಳಿಪಾಡಿಯಲ್ಲಿ ಉಳಿದಿದ್ದು ಕೈಬೆರಳೆಣಿಕೆಯ ನೇಕಾರರು, ಅವರೂ ಹೆಚ್ಚಿನವರು ವಯಸ್ಸಾದವರು. ಆಮೇಲೆ ತರಬೇತಿ, ಒಳ್ಳೆಯ ಕೂಲಿ, ನೇರ ಮಾರಾಟ ಶುರುವಾಗಿ ಕೆಲವರು ಮಗ್ಗಕ್ಕೆ ಮರಳಿದ್ದಾರೆ.

ನನ್ನಂಥ ಐಟಿಯವರು ಆರು ತಿಂಗಳಲ್ಲಿ ಹೊಸ ಭಾಷೆ ಕಲಿತು ಕೆಲಸ ಬದಲಾಯಿಸ್ತೇವೆ. ಮಗ್ಗದ ಕೈಚಳಕ ಹಾಗಲ್ಲ. ಕಲಿಸುವವರು ಇರುವಾಗಲೇ ಕಲಿಯಬೇಕು, ಕಲಿತವರಿಗೆ ಹೊಟ್ಟೆ ತುಂಬಬೇಕು. ಮುಂದಿನ ಸಲ "ಉಡುಪಿ ಸೀರೆ" ಅಂತ ಯಾರಾದ್ರೂ ಮಾರಿದ್ರೆ, ಇದನ್ನು ನೇಯ್ದವರು ಯಾರು ಅಂತ ಒಮ್ಮೆ ಕೇಳಿ ನೋಡಿ. ಕೈಮಗ್ಗದ್ದೇ ಆಗಿದ್ರೆ ಉತ್ತರ ಸಿಗುತ್ತೆ.