ದತ್ತಚಿತ್ರಗಳ ಸಿಂಹಾವಲೋಕನ

ಪ್ರದರ್ಶನ ನಡೆಸಿದ ಕಲಾವಿದರು ಒಂದೊಂದು ಕೃತಿಯನ್ನು ಚಿತ್ರಶಾಲೆಗೆ ದಾನವಾಗಿ ಬಿಟ್ಟುಹೋಗುವುದೂ, ಬಹುಕಾಲದ ತರುವಾಯ ಅಧಿಕಾರಿಗಳು ಅವುಗಳನ್ನೆಲ್ಲ ಹೊರತೆಗೆದು ಸಿಂಹಾವಲೋಕನವೆಂಬ ಹೆಸರಿನಿಂದ ತೂಗುಹಾಕುವುದೂ ಉಂಟಷ್ಟೆ. ಆ ದಿನ ದೀಪವನ್ನು ಬೆಳಗಿಸುತ್ತಾರೆ; ಸಂಸ್ಥೆಯ ಔದಾರ್ಯವನ್ನು ವರ್ಣಿಸುತ್ತಾರೆ. ಔದಾರ್ಯವು ಕೊಟ್ಟವರದಲ್ಲದೆ ಇಟ್ಟುಕೊಂಡವರದು ಹೇಗಾದೀತು? ಸಿಂಹವು ಹಿಂದಿರುಗಿ ನೋಡುವುದು ತಾನು ನಡೆದ ದಾರಿಯನ್ನು. ಈ ಸಂಸ್ಥೆಗಳಾದರೋ ತಾವು ಮಲಗಿದ್ದ ಸ್ಥಳವನ್ನೇ ನೋಡುತ್ತಿರುವಂತಿದೆ.

ತನ್ನ ಸ್ವತ್ವವನ್ನು ತೊರೆದು ಪರರಿಗೆ ಸ್ವತ್ವವನ್ನುಂಟುಮಾಡುವುದೇ ದಾನವೆಂದು ಧರ್ಮಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ತೊರೆಯುವುದು ದಾತೃವಿನ ಕಾರ್ಯ. ಪ್ರತಿಗ್ರಹದ ಭಾರವೆಲ್ಲ ಪಡೆದವನದು. ಗೋದಾನವನ್ನು ಪಡೆದು ಹುಲ್ಲುನೀರಿಲ್ಲದೆ ಕಟ್ಟಿಹಾಕಿದವನನ್ನು ಯಾವ ಊರಿನಲ್ಲಿಯೂ ಪುಣ್ಯವಂತನೆನ್ನರು. ಇನ್ನು, ಬಾಡಿಗೆಗೆ ಬದಲಾಗಿ ಚಿತ್ರವನ್ನು ಕೇಳಿ ತೆಗೆದುಕೊಂಡಲ್ಲಿ ಅದು ದಾನವೇ ಅಲ್ಲ, ಶುಲ್ಕ. ಹಾಗೆಂದೇ ಬರೆದಿಡುವುದು ಪ್ರಾಮಾಣಿಕತೆ.

ಬೆಂಗಳೂರಿನವರು ನಿದರ್ಶನಕ್ಕಾಗಿ ದೂರ ಹೋಗಬೇಕಾಗಿಲ್ಲ. ಅವನೀಂದ್ರನಾಥ ಠಾಕೂರರ ಶಿಷ್ಯರಾದ ಕೆ. ವೆಂಕಟಪ್ಪನವರು 1965ರಲ್ಲಿ ದಿವಂಗತರಾದ ಮೇಲೆ ಅವರ ಹೆಸರಿನ ಚಿತ್ರಶಾಲೆ ಕಸ್ತೂರಬಾ ರಸ್ತೆಯಲ್ಲಿ ನಿರ್ಮಿತವಾಯಿತು. ಉದಕಮಂಡಲದ ಮಂಜನ್ನು ಜಲವರ್ಣದಲ್ಲಿ ಹಿಡಿದ ಅವರ ಚಿತ್ರಗಳ ಜೊತೆಗೆ ಕೆ.ಕೆ. ಹೆಬ್ಬಾರರು ಕೊಟ್ಟ ಕೃತಿಗಳೂ ಅಲ್ಲಿ ಸೇರಿದವು. ಅಲ್ಪ ಬಾಡಿಗೆಗೆ ದೊರೆಯುತ್ತಿದ್ದ ಅದರ ಅಂಗಣಗಳಲ್ಲಿಯೇ ಎಷ್ಟೋ ತರುಣರು ಮೊದಲ ಬಾರಿ ಜನರೆದುರಿಗೆ ನಿಂತರು. ಅಂಥ ಶಾಲೆಯನ್ನು ಖಾಸಗಿ ಪ್ರತಿಷ್ಠಾನವೊಂದರ ಕೈಗೊಪ್ಪಿಸುವ ಒಪ್ಪಂದವು 2015ರಲ್ಲಿ ಆಗಲು, 2016ರಲ್ಲಿ ಕಲಾವಿದರು ಬೀದಿಗಿಳಿದು ಪ್ರತಿಭಟಿಸಿದರು. ಅವರನ್ನು ಹಟಮಾರಿಗಳೆಂದವರೂ ಇದ್ದರು. ಸಾರ್ವಜನಿಕರಿಗೆಂದು ಕೊಟ್ಟ ವಸ್ತುವಿನ ವಿಲೇವಾರಿಯನ್ನು ಕೊಟ್ಟವರ ಕುಲದವರನ್ನೇ ಕೇಳದೆ ನಿಶ್ಚಯಿಸಬಹುದೆ? ಹಟಮಾರಿಗಳೆಂದವರು ಇದಕ್ಕೆ ಉತ್ತರ ಹೇಳಲಿಲ್ಲ.

ಸ್ಥಳವಿಲ್ಲ, ಹಣವಿಲ್ಲ ಎಂಬ ಸಮಾಧಾನ ಸಿದ್ಧವಾಗಿರುವುದು. ಜಲವರ್ಣವು ಬೆಳಕಿನಿಂದ ಮಾಸುವುದರಿಂದ ಪೆಟ್ಟಿಗೆಯೇ ಲೇಸೆಂಬ ಪಾಂಡಿತ್ಯವೂ ಕೇಳಿಬರುತ್ತದೆ. ಇದರಲ್ಲಿ ಅರ್ಧ ಸತ್ಯವುಂಟು. ಕಾಗದದ ಮೇಲಿನ ಚಿತ್ರಕ್ಕೆ 50 ಲಕ್ಸಿನಷ್ಟು ಮಂದಪ್ರಕಾಶವೇ ಸಾಕೆಂದು ಸಂಗ್ರಹಾಲಯಗಳಲ್ಲಿ ನಿಯಮವಿದೆ, ಎಂದೆಂದಿಗೂ ತೋರಿಸಬಾರದೆಂದಿಲ್ಲ. ಸರದಿಯಿಂದ ಕೆಲವನ್ನು ಕೆಲವು ತಿಂಗಳು ತೋರಿಸಿ ಮತ್ತೆ ಕತ್ತಲೆಗಿಡಬಹುದು. ಮಳೆಗಾಲದ ತೇವವೂ ಗೆದ್ದಲೂ ಪೆಟ್ಟಿಗೆಯೊಳಗೆ ಬಾರವೆಂದು ನಂಬಿರುವ ಪಂಡಿತರಿಗೆ ನಮಸ್ಕಾರ!

ಬೆಳಕಿಗಂಜದ ಶಿಲ್ಪಗಳನ್ನೂ, ಕಾಗದಕ್ಕಿಂತ ತಾಳುವ ತೈಲಚಿತ್ರಗಳನ್ನೂ ಯಲಹಂಕ, ಯಶವಂತಪುರಗಳ ಗ್ರಂಥಾಲಯಗಳಿಗೆ ಎರವಲು ಕಳುಹಿಸಲು ಅಡ್ಡಿಯೇನು? ಉತ್ತರದ ಬಡಾವಣೆಗಳ ಮಕ್ಕಳು ಚಿತ್ರ ನೋಡಲು ಕಸ್ತೂರಬಾ ರಸ್ತೆಗೇ ಬರಬೇಕೆಂಬ ಶಾಸ್ತ್ರವಿಲ್ಲ. ಈ ಭಾಗದವರಿಗೆ ಕಾಪಾಡುವ ಯೋಗ್ಯತೆ ಸಾಲದೆನ್ನುವವರು ಹೆಬ್ಬಾಳಕ್ಕೆ ಹೋಗಿ ಬರಲಿ. ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಹಾಳಾಗಲಿದ್ದಾಗ ಆಸಕ್ತ ನಾಗರಿಕರು ಅದನ್ನು ಗುರುತಿಸಿ ಉಳಿಸಿದರು. ಆಮೇಲೆ ಅದಕ್ಕೊಂದು ಮಂಟಪವೂ ಆಯಿತು.

ಆದಕಾರಣ ಸಿಂಹಾವಲೋಕನವನ್ನು ಉದ್ಘಾಟಿಸುವವರು ದೀಪಕ್ಕೆ ಕೈನೀಡುವ ಮೊದಲು ಒಂದು ಪಟ್ಟಿಯನ್ನು ಕೇಳತಕ್ಕದ್ದು. ಕೊಟ್ಟವರ ಹೆಸರು, ಕೊಟ್ಟ ವರ್ಷ, ಚಿತ್ರದ ಈಗಿನ ಸ್ಥಿತಿ, ಅದನ್ನು ಕಡೆಯ ಬಾರಿ ಜನರು ನೋಡಿದ ದಿನಾಂಕ ಇವಿಷ್ಟೂ ಅದರಲ್ಲಿರಬೇಕು. ಕೊಟ್ಟವರಲ್ಲಿ ಬದುಕಿರುವವರನ್ನು ಮುಂದಿನ ಸಾಲಿನಲ್ಲಿ ಕುಳ್ಳಿರಿಸಿ, ಅವರೆದುರಿಗೇ ಆ ಪಟ್ಟಿಯನ್ನು ಓದಿಸಲಿ.