ಕಡಲ ತೀರದ ಪ್ರವಾಸ: ಹೆತ್ತವರಲ್ಲಿ ಒಂದು ಬಿನ್ನಹ

ಕಳೆದ ಬೇಸಿಗೆಯ ರಜೆಯಲ್ಲಿ ನಾವು ನಾಲ್ವರು ಗೆಳತಿಯರು ಮಂಗಳೂರಿನಿಂದ ಕೊಚ್ಚಿಯ ವರೆಗೆ ಒಂಬತ್ತು ದಿವಸಗಳ ಪ್ರವಾಸವನ್ನು ಮಾಡಿದೆವು. ನಾಲ್ವರೂ ಒಂದೇ ವರ್ಷ ಒಂದೇ ಟ್ರೇನಿಂಗ್ ಕಾಲೇಜಿನಲ್ಲಿ ಕಲಿತವರು. ಅಂದು ವಸತಿಗೃಹದ ಮೆಟ್ಟಲುಗಳ ಮೇಲೆ ಕುಳಿತು, 'ಮುಂದಿನ ರಜೆಯಲ್ಲಿ ಎಲ್ಲರೂ ಕೂಡಿ ಕಡಲು ನೋಡಲು ಹೋಗೋಣ' ಎಂದು ಮಾತಾಡಿಕೊಂಡಿದ್ದೆವು. ಆ ಮುಂದಿನ ರಜೆ ಬರುವದಕ್ಕೆ ಇಪ್ಪತ್ತೆರಡು ವರ್ಷಗಳು ಹಿಡಿದವು. ಈ ನಡುವೆ ನಮ್ಮಲ್ಲಿ ಯಾರೂ ಕಡಲನ್ನು ಕಂಡಿರಲಿಲ್ಲವೆಂದಲ್ಲ. ಮನೆಯವರ ಸಂಗಡ ಒಂದೆರಡು ಸಾರಿ ಎಲ್ಲರೂ ಹೋಗಿ ಬಂದವರೇ. ಆದರೆ ಆಗ ನೋಡಿದ್ದೇನೆಂದು ಕೇಳಿದರೆ, ಒಬ್ಬಳು ಮಗುವಿನ ಒದ್ದೆ ಬಟ್ಟೆಗಳನ್ನು ನೆನೆಸಿಕೊಂಡಳು. ಇನ್ನೊಬ್ಬಳು ಅತ್ತೆಯವರ ಔಷಧದ ಚೀಲವನ್ನು. ಮೂರನೆಯವಳು, 'ರೊಟ್ಟಿಯ ಗಂಟನ್ನು ನೋಡಿದೆ' ಎಂದು ನಕ್ಕಳು.

ಈ ಸಂಗತಿಯನ್ನು ಶಾಲೆಯ ಸ್ಮರಣ ಸಂಚಿಕೆಯಲ್ಲಿ ಬರೆಯುವದಕ್ಕೆ ಕಾರಣವುಂಟು. ಕಳೆದ ವರ್ಷ ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯರಿಗಾಗಿ ಮಂಗಳೂರಿಗೆ ನಾಲ್ಕು ದಿವಸಗಳ ಪ್ರವಾಸವನ್ನು ಗೊತ್ತುಮಾಡಿ ಹೆತ್ತವರ ಒಪ್ಪಿಗೆಯನ್ನು ಕೇಳಿದೆವು. 41 ಹುಡುಗಿಯರಲ್ಲಿ 13 ಮಂದಿಯ ಪತ್ರಗಳು ಮಾತ್ರ ಬಂದವು. ಖರ್ಚಿನ ಅಡಚಣೆಯನ್ನು ತಿಳಿಸಿದವರು ಕೆಲವರೇ. ಅದನ್ನು ಶಾಲೆಯವರೇ ಹೇಗಾದರೂ ನಿವಾರಿಸಬಹುದಾಗಿತ್ತು. ಹೆಚ್ಚಿನವರು ಹೇಳಿದ್ದು, 'ವಯಸ್ಸಿಗೆ ಬಂದ ಹುಡುಗಿ. ಮದುವೆಯಾದ ಮೇಲೆ ಗಂಡನ ಸಂಗಡ ನೋಡಲಿ' ಎಂದು. ಒಬ್ಬ ತಾಯಿ ಸ್ವಂತ ಕೈಯಿಂದ ಹೀಗೆ ಬರೆದಿದ್ದರು: 'ನಾನು ಕಡಲನ್ನು ನೋಡಿದವಳಲ್ಲ. ನೋಡದೆ ನನಗೆ ಕಡಿಮೆಯಾದದ್ದೇನೂ ಇಲ್ಲ.' ನಾವು ಪ್ರವಾಸವನ್ನು ಬಿಟ್ಟುಬಿಟ್ಟೆವು. ಆ ದಿನ ನಮಗಾದದ್ದು ದುಃಖಕ್ಕಿಂತ ನೆಮ್ಮದಿಯೇ ಹೆಚ್ಚು. ಅಷ್ಟು ಹೆಣ್ಣುಮಕ್ಕಳ ಹೊಣೆಯನ್ನು ಹೊತ್ತು ನಿದ್ದೆಗೆಡುವದು ತಪ್ಪಿತೆಂದು ನಾವೂ ಎಣಿಸಿದೆವು. ಇದನ್ನು ಒಪ್ಪಿಕೊಳ್ಳದಿದ್ದರೆ ಮುಂದಿನ ಮಾತುಗಳನ್ನು ಬರೆಯುವ ಹಕ್ಕು ನಮಗಿರಲಾರದು.

ಕರಾವಳಿಯ ಮೇ ತಿಂಗಳ ಸೆಕೆಯನ್ನು ಬಯಲುಸೀಮೆಯವರಿಗೆ ವರ್ಣಿಸುವದು ಕಷ್ಟ. ನಮ್ಮ ಬಿಸಿಲು ಸುಡುತ್ತದೆ, ಅಲ್ಲಿಯದು ಬೇಯಿಸುತ್ತದೆ. ಆದ ಕಾರಣ ಬೆಳಿಗ್ಗೆ ಒಂಬತ್ತರೊಳಗೂ ಸಂಜೆ ಐದರ ಮೇಲೂ ಮಾತ್ರ ತಿರುಗಾಡುವದೆಂದು ನೇಮ ಮಾಡಿಕೊಂಡೆವು. ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದೊಳಗೆ ಇಟಲಿಯ ಆಂತೋನಿಯೊ ಮೊಸ್ಕೇನಿಯವರು ಸುಮಾರು 1900ರಲ್ಲಿ ಬರೆದ ಚಿತ್ರಗಳನ್ನು ನೋಡಿ, ಕದ್ರಿಯ ಉದ್ಯಾನದಲ್ಲಿ ಒಂದು ಸಂಜೆಯನ್ನು ಕಳೆದು, ರೈಲುಗಾಡಿಯನ್ನು ಹತ್ತಿದೆವು. ನೇತ್ರಾವತಿಯ ಸೇತುವೆಯನ್ನು ದಾಟಿದ ಮೇಲೆ ಎಡಬಲಗಳಲ್ಲಿ ತೆಂಗೇ ತೆಂಗು.

ತಲಶ್ಶೇರಿಯಲ್ಲಿ ಇಳಿದದ್ದು ಇಲ್ಲಿಕ್ಕುನ್ನಿನ ಬಂಗಲೆಗಾಗಿ. 1839ರಿಂದ ಹೆರ್ಮನ್ ಗುಂಡರ್ಟರು ಅಲ್ಲಿ ವಾಸಿಸಿದರು. ಅವರ ಮಲಯಾಳ ನಿಘಂಟು 1872ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ನಿಘಂಟಿನ ಸಂಗತಿಯನ್ನು ಅನೇಕರು ಬಲ್ಲರು; ಅವರ ಪತ್ನಿ ಜೂಲಿಯವರು ಅಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ನಡೆಸಿದ್ದನ್ನು ಬಲ್ಲವರು ಕಡಿಮೆ. ಆಕೆ ಸ್ವಿಟ್ಜರ್ಲೆಂಡಿನಿಂದ ಹಾಯಿಹಡಗಿನ ಕಾಲದಲ್ಲಿ ಬಂದವರು. ಆ ಜಗಲಿಯಲ್ಲಿ ನಿಂತಿರುವಾಗ, ನಮ್ಮ ಹುಡುಗಿಯರಿಗೆ ಮಂಗಳೂರು ದೂರವಾದದ್ದು ನೆನಪಾಗಿ ನಾಚಿಕೆಯಾಯಿತು.

ಕಲ್ಲಿಕೋಟೆಯಲ್ಲಿ ನಾವು ಮೊದಲೇ ಗೊತ್ತುಮಾಡಿದ್ದ ವಸತಿಗೃಹದವನು ನಮ್ಮ ಹೆಸರೇ ಪುಸ್ತಕದಲ್ಲಿ ಇಲ್ಲವೆಂದನು. 'ಸಂಗಡ ಗಂಡಸರು ಯಾರೂ ಇಲ್ಲವೆ?' ಎಂದೂ ಕೇಳಿದನು. ನಾಲ್ವರಲ್ಲಿ ಇಬ್ಬರು ಮುಖ್ಯೋಪಾಧ್ಯಾಯಿನಿಯರು. ಆದರೂ ಆ ಘಳಿಗೆಯಲ್ಲಿ ನಮ್ಮ ಬಾಯಿ ಕಟ್ಟಿಹೋಯಿತು. ಕಡೆಗೆ ನಮ್ಮನ್ನು ಕರೆತಂದಿದ್ದ ಆಟೋರಿಕ್ಷಾದವನೇ ಬೇರೊಂದು ಸ್ಥಳವನ್ನು ತೋರಿಸಿ, ನಮ್ಮ ಕೋಣೆಯಲ್ಲಿ ದೀಪ ಹತ್ತುವ ವರೆಗೆ ಬೀದಿಯಲ್ಲಿ ನಿಂತಿದ್ದನು. ಹೆತ್ತವರ ಭಯವು ಬರಿಯ ಭ್ರಮೆಯೆಂದು ನಾವು ಹೇಳುವದಿಲ್ಲ. ಇಂಥವು ಆಗುತ್ತವೆ. ಆದಾಗ ಏನು ಮಾಡಬೇಕೆಂಬದನ್ನು ನಲವತ್ತೈದರಲ್ಲಿ ಕಲಿಯುವದಕ್ಕಿಂತ ಹದಿನೈದರಲ್ಲಿ, ಉಪಾಧ್ಯಾಯಿನಿಯರ ಕಣ್ಣೆದುರಿಗೆ ಕಲಿಯುವದು ಮೇಲಲ್ಲವೆ?

ಮರುದಿನ ಸಾಮೂದಿರಿ ಅರಸರ ಕಾಲದ ಮಾನಾಂಚಿರ ಕೆರೆಯ ಬಳಿಯ ಉದ್ಯಾನದಲ್ಲಿ ಕುಳಿತು, 2009ರಲ್ಲಿ ಮುಚ್ಚಿಹೋದ ಹಳೆಯ ನೇಯ್ಗೆಯ ಕಾರ್ಖಾನೆಯನ್ನು ನೋಡುತ್ತ ಬೇಸರಪಟ್ಟೆವು. ದಾರಿಯಲ್ಲಿ ಕಂಡ ಮತ್ತೊಂದು ತೋಟದಲ್ಲಿ 'ಹೂ ಕೀಳಬಾರದು' ಎಂಬ ಹಲಗೆಗಳು ಏಳಿದ್ದವು. ಒಂದು ಮರಕ್ಕಾದರೂ ಅದರ ಹೆಸರನ್ನು ಬರೆದ ಹಲಗೆಯಿರಲಿಲ್ಲ. ತೋಟಗಳನ್ನು ನಡಿಸುವವರು ಬೇಡವೆಂಬದನ್ನು ಹೇಳುವಷ್ಟು ಆಸ್ಥೆಯಿಂದ ಇದೆಯೆಂಬದನ್ನೂ ಹೇಳಬಾರದೆ?

ಕೊಚ್ಚಿಯ ಕೋಟೆಯ ಭಾಗದಲ್ಲಿ ದೊಡ್ಡ ಮಳೆಮರಗಳ ನೆರಳಿನಲ್ಲಿ ನಡೆದೆವು. ಆ ಮರಗಳ ತವರು ಅಮೇರಿಕಾ ಖಂಡ. ನಾವು ತಿನ್ನುತ್ತಿದ್ದ ಅನಾನಸೂ, ಕಡಲತಡಿಯವರು ತಮ್ಮದೆಂದೇ ಎಣಿಸುವ ಗೇರೂ, ನಮ್ಮ ಬ್ಯಾಡಗಿಯ ಮೆಣಸಿನಕಾಯಿಯೂ ಮೂಲದಲ್ಲಿ ಅಲ್ಲಿಯವೇ. ಪರಂಗಿ ಹಣ್ಣಂತೂ ತನ್ನನ್ನು ತಂದವರನ್ನು ಹೆಸರಿನಲ್ಲಿಯೇ ಹೊತ್ತುಕೊಂಡಿದೆ. ವಾಸ್ಕೋ ಡ ಗಾಮನು 1498ರಲ್ಲಿ ಕಲ್ಲಿಕೋಟೆಯ ತೀರಕ್ಕೆ ಬಂದನು. 1524ರಲ್ಲಿ ಕೊಚ್ಚಿಯಲ್ಲಿ ಸತ್ತನು. ಅವನನ್ನು ಮೊದಲು ಹೂಳಿದ ಸಂತ ಫ್ರಾನ್ಸಿಸರ ದೇವಾಲಯ ಈಗಲೂ ಇದೆ. ಇದೇ ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್ ಎಂಬವನು ಬರೆಸಿದ 'ಹೋರ್ತುಸ್ ಮಲಬಾರಿಕುಸ್', ಎಂದರೆ 'ಮಲಬಾರದ ತೋಟ', ಎಂಬ ಸಸ್ಯಗ್ರಂಥವು 1678ರಿಂದ 1693ರ ವರೆಗೆ ಹನ್ನೆರಡು ಸಂಪುಟಗಳಾಗಿ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಗಿಡಗಳ ಹೆಸರನ್ನೂ ಗುಣವನ್ನೂ ತಿಳಿಸಿಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯರು ಮತ್ತು ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಕೊಂಕಣಿ ಬ್ರಾಹ್ಮಣರು. ಲ್ಯಾಟಿನ್ ಭಾಷೆಯ ಆ ಗ್ರಂಥವು ಕೆ. ಎಸ್. ಮಣಿಲಾಲರ ಪರಿಶ್ರಮದಿಂದ ಇಂಗ್ಲಿಷಿನಲ್ಲಿ ಹೊರಟದ್ದು 2003ರಲ್ಲಿ. ಈ ಹೆಸರುಗಳೊಳಗೆ ಹೆಂಗಸರ ಹೆಸರು ಒಂದೂ ಇಲ್ಲ. ಹಿತ್ತಲಲ್ಲಿ ಅದೇ ಗಿಡಗಳಿಗೆ ನೀರೆರೆದು, ಎಲೆ ಅರೆದು, ಕಷಾಯ ಕಾಸಿದವರು ಅವರೇ ಆಗಿರಬೇಕು. ಆದರೆ ಹಿತ್ತಲಿನ ಆಚೆಗೆ ಹೋಗಿ ಹೇಳುವ ಅವಕಾಶವೆಲ್ಲಿತ್ತು?

ಕಡೆಯ ದಿನ ಎರ್ನಾಕುಳದ ಉಚ್ಚ ನ್ಯಾಯಾಲಯದ ಹಿಂದಿರುವ ಮಂಗಳವನಕ್ಕೆ ಹೋದೆವು. ಪಟ್ಟಣದ ನಟ್ಟನಡುವೆ ಉಳಿದಿರುವ ಸಣ್ಣ ಪಕ್ಷಿಧಾಮವದು. ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ವನ. ಕೆಸರಿನೊಳಗೆ ಗಾಳಿಯಿಲ್ಲದ ಕಾರಣ ಅಲ್ಲಿಯ ಒಂದು ಜಾತಿಯ ಮರದ ಬೇರುಗಳು ಕೆಳಗಿನಿಂದ ಮೇಲಕ್ಕೆ, ಬೆರಳುಗಳನ್ನು ನೆಟ್ಟಂತೆ, ಎದ್ದು ನಿಂತು ಉಸಿರಾಡುತ್ತವೆ. ನಮ್ಮ ಸಂಗಡ ಬಂದವಳೊಬ್ಬಳು ವಿಜ್ಞಾನದ ಉಪಾಧ್ಯಾಯಿನಿ. ಉಸಿರುಬೇರುಗಳ ಪಾಠವನ್ನು ಹದಿನೆಂಟು ವರ್ಷ ಮಾಡಿದವಳು. ಅವಳು ಅಲ್ಲಿಯೇ ಕುಳಿತುಬಿಟ್ಟಳು. ಬಹಳ ಹೊತ್ತಿನ ಮೇಲೆ, 'ನಾನು ಹಲಗೆಯ ಮೇಲೆ ಇವನ್ನು ಆಲದ ಬಿಳಲಿನಂತೆ ಮೇಲಿನಿಂದ ಕೆಳಕ್ಕೆ ಬರೆಯುತ್ತ ಬಂದಿದ್ದೇನೆ' ಎಂದಳು. ಅವಳ ಕೈಕೆಳಗೆ ಕಲಿತವರೆಲ್ಲರೂ ಹಾಗೆಯೇ ಬರೆದು ಅಂಕಗಳನ್ನು ಪಡೆದಿರಬೇಕು. ಅರ್ಧ ಗಂಟೆ ಅವಳು ಏಳಲಿಲ್ಲ. 'ಹೊತ್ತಾಯಿತು, ಏಳು' ಎನ್ನುವವರಾಗಲಿ, ಹಸಿವೆಯೆಂದು ಸೆರಗು ಜಗ್ಗುವವರಾಗಲಿ ಸಂಗಡ ಇರಲಿಲ್ಲ.

'ಗಂಡನ ಸಂಗಡ ನೋಡಲಿ' ಎಂಬ ಮಾತಿಗೆ ನಮ್ಮ ಉತ್ತರವು ಈ ಅರ್ಧ ಗಂಟೆಯೇ. ಸಂಸಾರದ ಪ್ರವಾಸವನ್ನು ನಾವು ಹಳಿಯುವದಿಲ್ಲ. ಅದರ ಸುಖವೇ ಬೇರೆ. ಆದರೆ ಅದರಲ್ಲಿ ತಾಯಿಯಾದವಳು ಅಡಿಗೆಮನೆಯನ್ನು ಸಂಗಡ ಕಟ್ಟಿಕೊಂಡು ಹೋಗುತ್ತಾಳೆ. ಹಳೆಯ ವಿದ್ಯಾರ್ಥಿನಿಯರು ಇದನ್ನು ಓದಿ ತಮ್ಮ ಅನುಭವದೊಡನೆ ಹೋಲಿಸಿ ನೋಡಬೇಕು. ಖರ್ಚಿನ ವಿಷಯವಾಗಿ ಇಷ್ಟೇ: ಒಂಬತ್ತು ದಿವಸಗಳಿಗೆ ನಮ್ಮಲ್ಲಿ ಒಬ್ಬೊಬ್ಬರಿಗೂ ಬಿದ್ದ ವೆಚ್ಚವು ಒಂದು ಸಾಧಾರಣ ರೇಷ್ಮೆ ಸೀರೆಯ ಬೆಲೆಗಿಂತ ಹೆಚ್ಚಲ್ಲ.

ಬರುವ ದಶಂಬರದಲ್ಲಿ ಒಂಬತ್ತನೆಯ ತರಗತಿಯ ಪ್ರವಾಸವನ್ನು ತಿರಿಗಿ ಗೊತ್ತುಮಾಡಿದ್ದೇವೆ. ಮೂವರು ಉಪಾಧ್ಯಾಯಿನಿಯರು ಸಂಗಡ ಬರುವರು. ಮೇಲ್ವಿಚಾರಣೆಗಾಗಿ ಬರಬಲ್ಲ ಹಳೆಯ ವಿದ್ಯಾರ್ಥಿನಿಯರು ಶಾಲೆಯ ಕಚೇರಿಗೆ ತಮ್ಮ ಹೆಸರನ್ನು ತಿಳಿಸಬೇಕಾಗಿ ಬೇಡುತ್ತೇವೆ. ಬಸ್ಸಿನಲ್ಲಿ ಆರು ಸ್ಥಳಗಳನ್ನು ತಾಯಂದಿರಿಗಾಗಿ ಬಿಟ್ಟಿದ್ದೇವೆ. ಬರುವವರು ಬುತ್ತಿಯನ್ನು ತರಬಾರದು, ಊಟದ ಏರ್ಪಾಡು ಶಾಲೆಯದು. ಕಡಲನ್ನು ನೋಡದ ಆ ತಾಯಿಗೂ ಬರೆದಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.