ಕನ್ನಡಕದ ಕಣ್ಣು

ಇದುವರೆಗೆ ಧರಿಸಿದವನ ದೃಷ್ಟಿದೋಷವನ್ನು ಮಾತ್ರ ನೀಗುತ್ತಿದ್ದ ಕನ್ನಡಕವು ಈಗ ಎದುರಿಗಿರುವವರ ಚಿತ್ರವನ್ನೂ ಮಾತನ್ನೂ ಸಂಗ್ರಹಿಸತೊಡಗಿದೆ. 2023ರಲ್ಲಿ ಹೊರಬಂದ ರೇ-ಬ್ಯಾನ್ ಮೆಟಾ ಕನ್ನಡಕಗಳು 2025ರಲ್ಲಿ ನಮ್ಮ ದೇಶದ ಅಂಗಡಿಗಳಿಗೂ ಬಂದವು. ಕೈಯೆತ್ತದೆಯೇ ಚಿತ್ರ ತೆಗೆಯುವ ಸೌಕರ್ಯವನ್ನಾಗಲಿ, ಅಂಧರಿಗೆ ಎದುರಿನ ಬರಹವನ್ನು ಓದಿ ಹೇಳುವ ಉಪಕಾರವನ್ನಾಗಲಿ ನಾವು ಅಲ್ಲಗಳೆಯುವುದಿಲ್ಲ.

ಆದರೆ ಕೈಯಲ್ಲಿ ಹಿಡಿದ ಕ್ಯಾಮೆರಾ ಎಲ್ಲರಿಗೂ ಕಾಣುವುದು. ಕನ್ನಡಕದೊಳಗಿನದು ಸುಲಭವಾಗಿ ಕಾಣದು. ಚಿತ್ರ ತೆಗೆಯುವಾಗ ಸಣ್ಣದೊಂದು ದೀಪ ಬೆಳಗುವುದೆಂಬ ಸಮಾಧಾನವು ಹಾಡುಹಗಲಿನ ಸಂತೆಯಲ್ಲಿ ಎಷ್ಟರಮಟ್ಟಿನದು? 2024ರಲ್ಲಿ ಅಮೆರಿಕದ ಹಾರ್ವರ್ಡ್ ವಿದ್ಯಾರ್ಥಿಗಳಿಬ್ಬರು ಇಂಥ ಕನ್ನಡಕಕ್ಕೆ ಮುಖ ಗುರುತಿಸುವ ತಂತ್ರವನ್ನು ಜೋಡಿಸಿ, ಅಪರಿಚಿತರ ಹೆಸರು ವಿಳಾಸಗಳನ್ನು ಬಹುಬೇಗ ತಿಳಿಯಬಹುದೆಂದು ತೋರಿಸಿ ಲೋಕವನ್ನು ಎಚ್ಚರಿಸಿದರು.

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾಗಿದ್ದ ದಿವಂಗತ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಮೂರ್ತಿಗಳು 2017ರಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿದರು. ಆದರೆ 2023ರ ದತ್ತಾಂಶ ಸಂರಕ್ಷಣಾ ಶಾಸನವು, ವ್ಯಕ್ತಿಯೊಬ್ಬನು ಸ್ವಂತ ಅಥವಾ ಗೃಹಕಾರ್ಯಕ್ಕಾಗಿ ಮಾಡುವ ಸಂಗ್ರಹವನ್ನು ತನ್ನ ವ್ಯಾಪ್ತಿಯಿಂದ ಹೊರಗಿರಿಸಿದೆ. ಕನ್ನಡಕಧಾರಿಯು ನುಸುಳಬಹುದಾದ ಕಂಡಿ ಇದೇ. ಸರಕಾರದವರು ಇದನ್ನು ಮುಚ್ಚತಕ್ಕದ್ದು. ಅಲ್ಲಿಯವರೆಗೆ ಆಸ್ಪತ್ರೆ, ಪಾಠಶಾಲೆಗಳ ಅಧಿಕಾರಿಗಳು ಅಂಧರ ಹೊರತು ಉಳಿದವರು ಇವುಗಳನ್ನು ಧರಿಸಿ ಒಳಬರಕೂಡದೆಂದು ವಿಧಿಸಲಿ. ನೋಡುವವನ ಸೌಕರ್ಯಕ್ಕಿಂತ ನೋಡಲ್ಪಡುವವನ ಮಾನವು ದೊಡ್ಡದೆಂಬುದೇ ನಮ್ಮ ಅಭಿಪ್ರಾಯ.